ಹನ್ನೊಂದು ಸಾವಿರದ ಹಿಂಗೈ

"ತೆಗಿ ಆ ತಗಡನ್ನ, ಹಿಂಗೈ ಇಟ್ಟು ನೋಡೇ ಬಿಡ್ತೀನಿ" ಎಂದು ಮಾವ ಅಂಗಿಯ ತೋಳು ಮಡಚಿಕೊಂಡು ನೆಲದ ಮೇಲೆ ಕೂತರು. ಅವರ ಮೊಣಕಾಲಿನ ಸದ್ದು ಹಳೇ ಬಾಗಿಲು ತೆಗೆದ ಹಾಗೆ ಕೇಳಿಸಿತು.

ಸೊಸೆ ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡು ಕಳಚಿದಳು. ಒಳಗೆ ಮೂರು ಫ್ಯಾನುಗಳು ತಿರುಗುತ್ತಿದ್ದವು. ಆ ಗದ್ದಲಕ್ಕೆ ಎದುರು ಮನೆಯ ಕಿವುಡಿ ಕೂಡ ಕಿಟಕಿ ಮುಚ್ಚಿಕೊಂಡಿದ್ದಳು ಅಂದರೆ ಲೆಕ್ಕ ಹಾಕಿಕೊಳ್ಳಿ. ಒಂದು ಗಂಟೆಯಿಂದ ಹೊಸ ಮೆಮೊರಿ ಪೂರ್ತಿ ವೇಗದಲ್ಲಿ ಓಡುತ್ತಿತ್ತು. ಹೊಸದು ಅಂದರೆ ಈ ಮನೆಗೆ ಹೊಸದು. ಯಾರೋ ಕಂಪ್ಯೂಟರ್ ಆಟದ ಹುಚ್ಚಿನವನು ಬಳಸಿ ಬಿಟ್ಟಿದ್ದ ಎರಡು ಕೆಂಪು ಪಟ್ಟಿಗಳು.

ಮಾವ ಮೂವತ್ತಾರು ವರ್ಷ ಕರೆಂಟಿನ ಕಂಬ ಹತ್ತಿದವರು. ಹನ್ನೊಂದು ಸಾವಿರ ವೋಲ್ಟಿನ ತಂತಿಯ ಜೊತೆ ಸಂಸಾರ ಮಾಡಿದವನು ನಾನು ಎಂದು ಬೀದಿಯ ಕಲ್ಲುಗಳಿಗೂ ಹೇಳಿ ಹೇಳಿ, ಹನ್ನೊಂದು ಸಾವಿರ ಎಂಬುದೇ ಅವರ ಹೆಸರಾಗಿ ಹೋಗಿತ್ತು. "ನನ್ನ ಜೊತೆ ಮಾಡಿದ್ದಕ್ಕಿಂತ ಆ ತಂತಿ ಜೊತೆ ಮಾಡಿದ್ದೇ ಜಾಸ್ತಿ" ಎಂದು ಹೆಂಡತಿ ಬದುಕಿರುವವರೆಗೂ ಗೊಣಗಿದಳು. ಇಸ್ತ್ರಿಪೆಟ್ಟಿಗೆಯಿರಲಿ, ಮೋಟಾರಿರಲಿ, ಜ್ವರ ಬಂದವರ ಹಣೆಯಿರಲಿ, ಅವರು ಮುಟ್ಟುತ್ತಿದ್ದದ್ದು ಹಿಂಗೈಯಿಂದಲೇ. ಅಂಗೈಯಿಂದ ಮುಟ್ಟಿದರೆ ಕರೆಂಟು ಹೊಡೆದಾಗ ಬೆರಳು ಮುಚ್ಚಿಕೊಂಡು ತಂತಿಯನ್ನೇ ಹಿಡಿದುಬಿಡುತ್ತವೆ. ಹಿಂಗೈಯಾದರೆ ಕೈ ತಾನಾಗಿ ಹಿಂದಕ್ಕೆ ಎಗರುತ್ತದೆ. ಈ ವಿದ್ಯೆ ಅವರನ್ನು ಮೂವತ್ತಾರು ವರ್ಷ ಕಾಪಾಡಿತ್ತು.

ಸೊಸೆ ಹಲ್ಲು ಮಾಡುವವಳು. ಮೊದಲು ಮೇಣ ಕರಗಿಸಿ, ಸಣ್ಣ ಚೂರಿಯಲ್ಲಿ ಕೆತ್ತಿ ಮಾಡುತ್ತಿದ್ದಳು. ಈಗ ದಂತ ಲ್ಯಾಬಿನವರು ಬಾಯಿಯ ಅಳತೆಯನ್ನು ಫೈಲಿನಲ್ಲಿ ಕಳಿಸುತ್ತಿದ್ದರು. ಅವಳು ಪರದೆಯ ಮೇಲೆ ಹಲ್ಲು ಬಿಡಿಸಿ ವಾಪಸ್ ಕಳಿಸಿದರೆ ಅಲ್ಲಿನ ಯಂತ್ರ ಅದನ್ನು ಕೊರೆಯುತ್ತಿತ್ತು. ಲ್ಯಾಬಿನ ಯಜಮಾನಿ, ಮನೆಯಲ್ಲಿ ಕೂತು ಕೆಲಸ ಮಾಡುವ ಮೂವರಲ್ಲಿ ಒಬ್ಬರನ್ನು ನಾಲ್ಕು ತಿಂಗಳು ನೋಡಿ ಕಾಯಂ ಮಾಡಿಕೊಳ್ಳುತ್ತೇನೆ ಎಂದಿದ್ದಳು. ಕಾಯಂ ಕೆಲಸ, ಸ್ವಂತದ ಕುರ್ಚಿ, ತಿಂಗಳ ಸಂಬಳ. ಈ ಮನೆಯಲ್ಲಿ ದುಡಿಯುವ ಕೈ ಅವಳೊಬ್ಬಳದೇ. ಆದರೆ ಈ ಪೆಟ್ಟಿಗೆ ಬಿಡಿ ಹಲ್ಲಿಗೆ ನಗುತ್ತಿತ್ತು, ಇಡೀ ದವಡೆ ಬಂದರೆ ಕೊನೆಯ ದವಡೆಹಲ್ಲಿನ ಹತ್ತಿರ ಬಂದು ಉಸಿರು ನಿಲ್ಲಿಸುತ್ತಿತ್ತು.

ಅದಕ್ಕೇ ಬೆಳಿಗ್ಗೆ ಇಬ್ಬರೂ ರಿಪೇರಿಯವಳ ಅಂಗಡಿಗೆ ಹೋಗಿದ್ದರು. ಅವಳು ಕೆಂಪು ಪಟ್ಟಿ ಕೊಡುವಾಗಲೇ ಎಚ್ಚರಿಸಿದ್ದಳು.

"ಇದು ಓಡೋ ಕುದುರೆ ಅಕ್ಕ. ಆದ್ರೆ ಪೂರ್ತಿ ವೇಗಕ್ಕೆ ಒಂದು ಪಾಯಿಂಟ್ ಅರವತ್ತೈದು ವೋಲ್ಟ್ ಕೇಳುತ್ತೆ. ನಿಮ್ಮ ಪ್ರೊಸೆಸರ್ ಮಾಡಿದವರು ಒಂದೂವರೆ ಸಾಕು ಅಂತ ಬರೆದಿದಾರೆ."

"ಮೆಮೊರಿ ಸುಟ್ಟೋಗುತ್ತಾ?"

"ಅದಕ್ಕೇನೂ ಆಗಲ್ಲ, ಅದನ್ನ ಮಾಡಿರೋದೇ ಹಾಗೆ. ಅದರ ಜೊತೆ ಮಾತಾಡೋ ಭಾಗ ಇದೆ ನೋಡಿ, ಅದು ಪ್ರೊಸೆಸರ್ ಹೊಟ್ಟೆಯೊಳಗಿದೆ. ಇದು ದಿನಾ ಕಿರುಚ್ತಾ ಮಾತಾಡಿದ್ರೆ ಅದರ ಕಿವಿ ತಮಟೆ ಹರಿಯುತ್ತೆ."

"ಯಾವಾಗ?"

"ಯಾರಿಗ್ಗೊತ್ತು? ಕೆಲವು ಹತ್ತು ವರ್ಷ ಬಾಳ್ತವೆ. ಕೆಲವು ಮೂರೇ ತಿಂಗಳಿಗೆ ಮರೆವು ಬಂದ ಅಜ್ಜಿ ಥರ ಆಡ್ತವೆ. ಸುಮ್ನೆ ನಿಧಾನದ ಸೆಟ್ಟಿಂಗಲ್ಲಿ ಇಟ್ಕೊಳ್ಳಿ."

ಮಾವ ನಕ್ಕ ನಗುವಿಗೆ ಗೋಡೆಗೆ ನೇತುಹಾಕಿದ್ದ ವೈರುಗಳೆಲ್ಲ ಅಲ್ಲಾಡಿದವು. "ಒಂದೂವರೆ ಎಲ್ಲಿ, ಒಂದು ಪಾಯಿಂಟ್ ಅರವತ್ತೈದು ಎಲ್ಲಿ! ಅಷ್ಟಕ್ಕೆ ಸೊಳ್ಳೆ ಕೂಡ ಕೆಮ್ಮಲ್ಲ ಕಣಮ್ಮ. ನಾನು ಹನ್ನೊಂದು ಸಾವಿರ..."

"ಗೊತ್ತು ತಾತ. ಇಡೀ ಬೀದಿಗೇ ಗೊತ್ತು" ಎಂದಿದ್ದಳು ರಿಪೇರಿಯವಳು.

ಮನೆಗೆ ಬಂದ ಮೇಲೆ ಸೊಸೆ ನಿಧಾನದ ಸೆಟ್ಟಿಂಗಿನಲ್ಲೇ ಇಡೀ ದವಡೆ ಶುರುಮಾಡಿದಳು. ಅದೇ ದವಡೆಹಲ್ಲಿನ ಹತ್ತಿರ ಬಂದು ಪರದೆ ಮತ್ತೆ ಕಲ್ಲಾಯಿತು. ಸೊಸೆ ಮುಖಕ್ಕೆ ಸೆರಗು ಒತ್ತಿಕೊಂಡಳು. ಅದನ್ನು ನೋಡಿದ ಮೇಲೆಯೇ ಮಾವ, ಇನ್ನೊಂದು ಸೆಟ್ಟಿಂಗು ಹಾಕಿ ಒಂದು ಗಂಟೆ ಓಡಿಸು, ಆಮೇಲೆ ನಾನು ನೋಡುತ್ತೇನೆ ಎಂದದ್ದು.

ಈಗ ಅವರು ಕೈ ಒಳಗೆ ತೂರಿಸಿ, ಕೆಂಪು ಪಟ್ಟಿಗಳ ಮೇಲೆ ಹಿಂಗೈ ಇಟ್ಟರು. ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯರ ಹಾಗೆ ತುಟಿ ಬಿಗಿದರು. ಪಕ್ಕದಲ್ಲಿ ಪ್ರೊಸೆಸರಿನ ಮೇಲೆ ದೊಡ್ಡ ಫ್ಯಾನು ಕೂತಿತ್ತು. ಅಲ್ಲಿಗೆ ಕೈ ಹೋಗುತ್ತಿರಲಿಲ್ಲ.

"ಉಗುರು ಬೆಚ್ಚಗೂ ಇಲ್ಲ."

"ಹಾಗೇ ಬಿಡ್ಲಾ ಮಾವ?"

"ಬಿಡು. ಏನೂ ಆಗಲ್ಲ."

ಸೊಸೆಯ ಬೆರಳು ಕೀಲಿಯ ಮೇಲೆ ಒಂದು ಗಳಿಗೆ ನಿಂತಿತು. ಮಾವ ಬೇರೆಲ್ಲೋ ನೋಡಿದರು. ಮೂರು ವರ್ಷದ ಹಿಂದೆ ಇದೇ ಮಾತನ್ನು ಅವರು ಕಂಬದ ಬುಡದಲ್ಲಿ ನಿಂತು, ಮೇಲೆ ಹತ್ತುತ್ತಿದ್ದ ಮಗನಿಗೆ ಹೇಳಿದ್ದರು. ಕೆಲಸದಿಂದ ನಿವೃತ್ತಿಗೆ ಹದಿನೆಂಟು ದಿನ ಉಳಿದಿತ್ತು. ಸ್ವಿಚ್ಚು ತಾವೇ ಇಳಿಸಿ, ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಅವರು ನೋಡಿದ ಕಡೆ ಕರೆಂಟು ನಿಜವಾಗಿಯೂ ನಿಂತಿತ್ತು. ಬಂದದ್ದು ತಂತಿಯ ಇನ್ನೊಂದು ತುದಿಯಿಂದ, ಯಾರದೋ ಅಂಗಡಿಯ ಜನರೇಟರಿನಿಂದ. ಮಗ ಜೀವಂತ ಕೆಳಗಿಳಿಯಲಿಲ್ಲ. ವಿಚಾರಣೆ ಮಾಡಿದವರು ಮಾವನ ತಪ್ಪಿಲ್ಲ ಎಂದು ಬರೆದರು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಮೂರು ವರ್ಷ ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸಿಕೊಂಡು ಉಂಡರು, ಅಷ್ಟೇ.

ಸೊಸೆ ಕೀಲಿ ಒತ್ತಿದಳು.

ದವಡೆ ಮುಗಿಯಿತು. ಮಾರನೆಯ ದಿನ ಇನ್ನೊಂದು ಮುಗಿಯಿತು. ಆ ತಿಂಗಳು ಅವಳು ಬಿಡಿಸಿದ ಹಲ್ಲುಗಳನ್ನು ಸಾಲಾಗಿ ಜೋಡಿಸಿದ್ದರೆ ಬೀದಿಯ ಈ ತುದಿಯಿಂದ ಆ ತುದಿಗೆ ಬೇಲಿಯಾಗುತ್ತಿತ್ತು. ಲ್ಯಾಬಿನ ಯಜಮಾನಿ ಫೋನು ಮಾಡಿ, "ನಿನಗೆ ಕೈ ಎರಡೇ ತಾನೇ ಇರೋದು?" ಎಂದು ಕೇಳಿದಳು. ಮಾವ ದಿನಕ್ಕೊಮ್ಮೆ ತಗಡು ತೆಗೆಸಿ ಹಿಂಗೈ ಇಡುತ್ತಿದ್ದರು. "ಮಗು ಥರ ಮಲಗಿದೆ" ಎನ್ನುತ್ತಿದ್ದರು. ರಿಪೇರಿಯವಳ ಅಂಗಡಿಯ ಮುಂದೆ ಹಾದುಹೋಗುವಾಗ ಬೇಕೆಂದೇ ಕೆಮ್ಮುತ್ತಿದ್ದರು.

ನಾಲ್ಕನೆಯ ತಿಂಗಳು ಪೆಟ್ಟಿಗೆ ಒಂದು ಮಧ್ಯಾಹ್ನ ತಾನಾಗಿ ಆರಿ ತಾನಾಗಿ ಶುರುವಾಯಿತು. ಎರಡು ದಿನ ಬಿಟ್ಟು ಮತ್ತೆ. ಸೊಸೆ ಹೆದರಿ ನಿಧಾನದ ಸೆಟ್ಟಿಂಗಿಗೆ ಇಳಿಸಿದಳು, ಅಲ್ಲೂ ಆರಿತು. "ಕರೆಂಟಿನ ಏರಿಳಿತ ಇರಬೇಕು" ಎಂದು ಮಾವ ಗೋಡೆಯ ಪ್ಲಗ್ಗು ಬಿಚ್ಚಿ ಹೊಸದು ಹಾಕಿದರು. ಹಾಕಿದ ಅಂದಕ್ಕೆ ಪ್ಲಗ್ಗಿಗೆ ಮದುವೆ ಮಾಡಬಹುದಿತ್ತು. ಪೆಟ್ಟಿಗೆಗೆ ಅದು ಹಿಡಿಸಲಿಲ್ಲ. ಕೊನೆಯ ವಾರ ಒಂದು ಕೆಳದವಡೆಯ ಫೈಲು ಲ್ಯಾಬಿಗೆ ಹೋಯಿತು. ಪರದೆಯ ಮೇಲೆ ಮುತ್ತಿನ ಹಾಗಿದ್ದ ದವಡೆ ಅಲ್ಲಿ ಕೊರೆದು ಬಂದಾಗ, ಮುಂದಿನ ಎರಡು ಹಲ್ಲು ಕರಗಿದ ಮೇಣದ ಹಾಗೆ ಒಂದರೊಳಗೊಂದು ಇಳಿದಿದ್ದವು.

"ನಿನ್ನ ಕೈ ಒಳ್ಳೇದಮ್ಮ" ಎಂದಳು ಯಜಮಾನಿ ಫೋನಿನಲ್ಲಿ. "ನಿನ್ನ ಫೈಲ್ ನಂಬೋಕಾಗಲ್ಲ. ಇನ್ನೊಬ್ಬಳನ್ನ ತಗೊಂಡಿದೀನಿ. ಮೇಣದ ಕೆಲಸ ಅಲ್ಪಸ್ವಲ್ಪ ಇರುತ್ತೆ, ಬೇಕಾದ್ರೆ ಕಳಿಸ್ತೀನಿ."

"ಕಳಿಸಿ ಅಕ್ಕ" ಎಂದಳು ಸೊಸೆ.

ರಿಪೇರಿಯವಳು ಪೆಟ್ಟಿಗೆಯನ್ನು ಎರಡು ದಿನ ಇಟ್ಟುಕೊಂಡಳು. ಕೆಂಪು ಪಟ್ಟಿಗಳನ್ನು ಬೇರೆ ಯಂತ್ರಕ್ಕೆ ಹಾಕಿ ನೋಡಿದಳು. ಈ ಪೆಟ್ಟಿಗೆಗೆ ಬೇರೆ ಮೆಮೊರಿ, ಬೇರೆ ಬೋರ್ಡು ಹಾಕಿ ನೋಡಿದಳು. ಅವರಿಬ್ಬರೂ ಹೋದಾಗ ಪ್ರೊಸೆಸರನ್ನು ಹೊರಗೆ ತೆಗೆದಿಟ್ಟಿದ್ದಳು. ಬಿಸ್ಕತ್ತಿನಷ್ಟು ದೊಡ್ಡದು. ಮೇಲೆ ಕಪ್ಪು ಕಲೆಯಿಲ್ಲ, ಸುಟ್ಟ ವಾಸನೆಯಿಲ್ಲ.

"ಇದೇ ಹೋಗಿರೋದು" ಎಂದಳು.

"ಮತ್ತೆ ಮೆಮೊರಿ?" ಮಾವ ಕೇಳಿದರು.

"ಅದಕ್ಕೇನು ತಾತ, ಗುಂಡುಕಲ್ಲಿನ ಹಾಗಿದೆ. ಇನ್ನೊಬ್ಬರನ್ನ ಕೊಲ್ಲೋಕೆ ರೆಡಿ."

"ನಾನು ದಿನಾ ಮುಟ್ಟಿ ನೋಡಿದ್ದೆ. ಒಂದು ದಿನವೂ ಬಿಸಿ ಇರ್ಲಿಲ್ಲ."

"ಯಾವುದನ್ನ ಮುಟ್ಟಿದ್ರಿ?"

ಮಾವ ಕೆಂಪು ಪಟ್ಟಿಯನ್ನು ತೋರಿಸಿದರು.

"ನೀವು ನೋಡಿದ್ದು ಸರಿಯಾಗೇ ಇತ್ತು ತಾತ" ಎಂದಳು ರಿಪೇರಿಯವಳು, ಸ್ಕ್ರೂಗಳನ್ನು ಡಬ್ಬಿಗೆ ಹಾಕುತ್ತಾ. "ಹೋಗಿರೋದು ಆ ಕಡೆ."

ಅವಳಿಗೆ ಏನೂ ಗೊತ್ತಿರಲಿಲ್ಲ. ಆ ಬೀದಿಗೆ ಬಂದು ಒಂದೇ ವರ್ಷ. ಸೊಸೆ ಮಾತ್ರ ತಲೆಯೆತ್ತಿ ಮಾವನನ್ನು ನೋಡಿದಳು. ಅವರು ಗಲ್ಲಾದ ಅಂಚನ್ನು ಹಿಡಿದುಕೊಂಡಿದ್ದರು, ಅಂಗೈಯಿಂದ, ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ. ಆಮೇಲೆ ಹೊರಗೆ ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ದಾರಿಯಲ್ಲಿ ಹೋಗುವ ಯಾರೋ "ಏನು ಹನ್ನೊಂದು ಸಾವಿರ, ಆರಾಮಾ?" ಎಂದು ಕೂಗಿದರು. ಆ ಹೆಸರಿಗೆ ಅವರು ತಲೆಯೆತ್ತದೆ ಬಿಟ್ಟದ್ದು ಅದೇ ಮೊದಲು.

ಸೊಸೆ ಬಂದು ಪಕ್ಕದಲ್ಲಿ ನಿಂತಳು. "ನಡೀರಿ ಮಾವ."

"ಆ ತುದಿಗೆ ಹೋಗಿ ನೋಡ್ಬೇಕಿತ್ತು ಕಣಮ್ಮ" ಎಂದರು. "ನಡ್ಕೊಂಡು ಹೋದ್ರೆ ಹತ್ತು ನಿಮಿಷ."

ಸೊಸೆ ಅವರ ತೋಳು ಹಿಡಿದು ಎಬ್ಬಿಸಿದಳು.

ಮುಂದಿನ ವಾರ ಲ್ಯಾಬಿನಿಂದ ಮೇಣದ ಕೆಲಸ ಬಂತು, ಆರೇ ಆರು ಹಲ್ಲು. ಕಂಪ್ಯೂಟರ್ ಇದ್ದ ಮೇಜಿನ ಮೇಲೆ ಸೊಸೆ ಹಳೆಯ ಚೂರಿಗಳನ್ನು ಹರಡಿಕೊಂಡಳು. ಮೇಣ ಕರಗಿಸುವ ಸಣ್ಣ ಹೀಟರನ್ನು ಮಾವ ಅಟ್ಟದಿಂದ ಇಳಿಸಿ, ದೂಳು ಒರೆಸಿ ತಂದರು. ವೈರನ್ನು ಪ್ಲಗ್ಗಿಗೆ ಸಿಕ್ಕಿಸಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತರು. ನಿಂತೇ ಇದ್ದರು.

"ಹಾಕ್ಲಾ?" ಎಂದು ಕೇಳಿದರು.

ಸೊಸೆ ಚೂರಿ ಕೆಳಗಿಟ್ಟಳು. ಪ್ಲಗ್ಗಿನಿಂದ ಶುರುಮಾಡಿ ವೈರನ್ನು ಎರಡು ಬೆರಳ ನಡುವೆ ಹಿಡಿದು, ಗೇಣು ಗೇಣಾಗಿ ಸವರುತ್ತಾ, ಮೇಜಿನ ಕೆಳಗೆ ಬಗ್ಗಿ, ಇನ್ನೊಂದು ತುದಿಯವರೆಗೂ ಹೋದಳು. ಅವಳು ಎದ್ದು ನಿಲ್ಲುವವರೆಗೆ ಮಾವ ಬೆರಳನ್ನು ಅಲ್ಲಾಡಿಸಲಿಲ್ಲ.