ಅತ್ತೆ ಹೆಣೆದ ಹೊದಿಕೆ

ವಿಡಿಯೊ ಗೇಮಿನಲ್ಲಿ ಇನ್ನೇನು ಅತ್ತೆ ಗೆಲ್ಲಬೇಕು, ಅಷ್ಟರಲ್ಲಿ ಟಿವಿ ಪರದೆ ಕಪ್ಪಾಯಿತು.

"ನಾನೇನೂ ಮಾಡಿಲ್ಲಮ್ಮಾ! ಬಟನ್ ಒತ್ತಿದ್ದಷ್ಟೇ," ಎಂದು ಅತ್ತೆ ಫುಸಾ ಕೈಯಲ್ಲಿದ್ದ ಕಂಟ್ರೋಲರನ್ನು ಕೆಂಡ ಮುಟ್ಟಿದವರಂತೆ ಕೆಳಗಿಟ್ಟರು.

ಸೊಸೆ ನೊಬುಯೆ, ಅಡಿಯಲ್ಲಿ ಹೀಟರಿರುವ ಕೊತಾತ್ಸು ಮೇಜಿನ ಬೆಚ್ಚನೆಯ ರಜಾಯಿಯೊಳಗಿಂದ ಕಾಲೆಳೆದುಕೊಂಡು ಟಿವಿಯತ್ತ ತೆವಳಿದಳು. ಆ ಗೇಮ್ ಯಂತ್ರ ಅವಳದೇ ವಿನ್ಯಾಸ. ಒಸಾಕಾದ ಕಂಪನಿಯಲ್ಲಿ ವರ್ಷಗಟ್ಟಲೆ ಬೇರೆಯವರ ನಕ್ಷೆ ತಿದ್ದಿದ ಮೇಲೆ ಸಿಕ್ಕ ಮೊದಲ ಸ್ವಂತ ಕೆಲಸ. ಮನೆಯಲ್ಲಿ ಹೇಗೆ ನಡೆಯುತ್ತದೋ ನೋಡೋಣವೆಂದು ಹೋದ ವಾರ ಮಾದರಿಯನ್ನು ತಂದಿದ್ದಳು. ನಾಳೆ ಸಭೆಯಲ್ಲಿ ಒಪ್ಪಿಗೆ ಸಿಕ್ಕರೆ ಹೊರಕವಚದ ಅಚ್ಚು ಕೊರೆಯುತ್ತಾರೆ, ಆಮೇಲೆ ಏನೂ ಬದಲಿಸುವಂತಿಲ್ಲ.

ಯಂತ್ರದ ಮೇಲೆ ಅಸ್ತರು ಕೊಟ್ಟ ಬಿಳಿ ಕ್ರೋಶಾ ಹೊದಿಕೆ, ಅದರ ಮೇಲೊಂದು ಮರದ ಕರಡಿ. ಬಿಸಿಗಾಳಿ ಹೊರಹೋಗುವ ಕಿಂಡಿಗಳೆಲ್ಲ ಮೇಲ್ಭಾಗದಲ್ಲೇ ಇದ್ದವು. ಮುಟ್ಟಿದರೆ ಕೈ ಸುಡುತ್ತಿತ್ತು.

"ಇದನ್ನ ಯಾಕೆ ಮುಚ್ಚಿದ್ರಿ ಅತ್ತೆ?"

"ಇನ್ನೇನು ಮತ್ತೆ? ಫೋನಿಗಿದೆ, ಟಿವಿಗಿದೆ, ಹೊಲಿಗೆ ಮಿಷನ್ನಿಗಿದೆ. ನನ್ನ ಸೊಸೆ ಮಾಡಿದ್ದು ಮಾತ್ರ ಬೋಳಾಗಿ ಕೂತಿರ್ಬೇಕಾ?"

ಬಾಯಿಗೆ ಬಂದ ಸಿಟ್ಟನ್ನು ನೊಬುಯೆ ನುಂಗಿಕೊಂಡಳು. ಹೊದಿಕೆಯ ಅಂಚಿಗೆ ಅತ್ತೆ ಯಂತ್ರದ ಬಟನ್ನಿನದೇ ನೀಲಿ ದಾರ ಹುಡುಕಿ ಹಾಕಿದ್ದರು. ಅದನ್ನು ನೋಡಿ ಅವಳಿಗೆ ಕಣ್ಣು ತುಂಬಿತು. ಸುಮ್ಮನಿದ್ದರೆ ನಾಳೆ ಎಲ್ಲ ಸಲೀಸು. ಆದರೆ ಇಂಥ ಅತ್ತೆ ಯಾವ ಮನೆಯಲ್ಲಿಲ್ಲ?

ಮರುದಿನ ಸಭೆಯಲ್ಲಿ ಅವಳು ಎಲ್ಲರೆದುರು ಯಂತ್ರಕ್ಕೆ ಹೊದಿಕೆ ಹೊದಿಸಿ, ಕರಡಿಯನ್ನೂ ಕೂರಿಸಿದಳು. ಯಾರೋ ಕಿಸಕ್ಕೆಂದರು. ಮುಖ್ಯಸ್ಥ ತಾದೊಕೊರೊ ಹುಬ್ಬು ಗಂಟಿಕ್ಕಿದರು.

"ಮುಚ್ಚಬೇಡಿ ಅಂತ ಯಂತ್ರದ ಜೊತೆ ಕೊಡೋ ಪುಸ್ತಕದಲ್ಲಿ ಬರ್ದಿದೆಯಲ್ಲಮ್ಮ?"

"ಬರ್ದಿದ್ದು ನಾನೇ ಸಾರ್. ಪುಸ್ತಕಾನೂ ಹೊದಿಕೆ ಕೆಳಗೇ ಜೋಪಾನವಾಗಿತ್ತು."

ತಾದೊಕೊರೊ ಕರಡಿಯನ್ನೆತ್ತಿ ತಿರುಗಿಸಿ ನೋಡಿದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ.

"ನಮ್ಮಮ್ಮ ಅನ್ನದ ಕುಕ್ಕರಿಗೂ ಅಂಗಿ ಹೊಲಿದಿದ್ದಾರೆ! ಆಯ್ತು, ಕಿಂಡಿಗಳನ್ನ ಮೇಲಿಂದ ಪಕ್ಕಕ್ಕೆ ತಗೊಂಡ್ಹೋಗು. ತಡ ಆಯ್ತು ಅಂತ ಮೇಲಿನೋರ ಹತ್ರ ಬೈಸ್ಕೊಳ್ಳೋ ಕೆಲ್ಸ ನಂದು."

ಮುಂದಿನ ಚಳಿಗಾಲಕ್ಕೆ ಯಂತ್ರ ಅಂಗಡಿಗೆ ಬಂತು. ಮನೆಯಲ್ಲಿ ಅದಕ್ಕೆ ಹೊದಿಕೆಯೂ ಆಯಿತು, ಕರಡಿಯೂ ಬಂದು ಕೂತಿತು. ಫುಸಾ ಆಟದ ನಡುವೆ ಕಿತ್ತಳೆ ಸುಲಿದು, ಒಣಗಿಸಿ ಸ್ನಾನದ ನೀರಿಗೆ ಹಾಕಲೆಂದು ಸಿಪ್ಪೆಗಳನ್ನು ಯಂತ್ರದ ಪಕ್ಕದಲ್ಲಿ ಸಾಲಾಗಿ ಹರವಿದರು.

"ಇಲ್ಲಿ ಬೆಚ್ಚಗೆ ಗಾಳಿ ಬರುತ್ತೆ ಕಣೇ, ಬೇಗ ಒಣಗುತ್ತೆ. ಇದಕ್ಕೇಂತ್ಲೇ ಮಾಡಿದ್ದಾ?"

"ಹೂಂ ಅತ್ತೆ, ಇದಕ್ಕೇ," ಎಂದಳು ನೊಬುಯೆ.

ಕೋಣೆಯಲ್ಲೆಲ್ಲ ಕಿತ್ತಳೆಯ ಘಮ ಹರಡಿತ್ತು.