ಬಾಗಿಲ ಬಳಿಯ ಜಾಗ

ಬೆಳಗಿನ ನಮ್ಮ ರೈಲಿನಲ್ಲಿ ಉಸಿರಾಡಲೂ ಜಾಗವಿರುವುದಿಲ್ಲ. ಒಬ್ಬಳ ಮೊಣಕೈ ಇನ್ನೊಬ್ಬಳ ಪಕ್ಕೆಗೆ, ಒಬ್ಬಳ ಊಟದ ಡಬ್ಬಿ ಇನ್ನೊಬ್ಬಳ ಬೆನ್ನಿಗೆ. ಆದರೂ ಹೆಂಗಸರ ಬೋಗಿಯ ಬಾಗಿಲ ಹತ್ತಿರ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇರುತ್ತದೆ. ಅಲ್ಲಿ ನಿಲ್ಲಬೇಡಿ ಎಂದು ಯಾರೂ ಹೇಳಿಲ್ಲ. ಹೊಸದಾಗಿ ಹತ್ತಿದವರು ಪುಣ್ಯಕ್ಕೆ ಸಿಕ್ಕಿತು ಎಂದುಕೊಂಡು ಕಾಲಿಡುತ್ತಾರೆ. ನಾವು ಬರೀ ನೋಡುತ್ತೇವೆ. ಆ ನೋಟಕ್ಕೇ ಅವರು ಹಿಂದೆ ಸರಿದು ಮತ್ತೆ ನಮ್ಮ ನಡುವೆ ನುಗ್ಗಿಕೊಳ್ಳುತ್ತಾರೆ.

ಅದು ಜಿಂಕೆಯ ಜಾಗ.

ಜಿಂಕೆ ಎಂಬುದು ನಾವಿಟ್ಟ ಹೆಸರು. ಮೈಮೇಲೆ ಮಾಂಸವಿರಲಿಲ್ಲ, ಕಾಲು ಮಾತ್ರ ಉದ್ದ. ನಾವೆಲ್ಲ ದೊಡ್ಡಾಸ್ಪತ್ರೆಗೆ ಗುತ್ತಿಗೆಯ ಮೇಲೆ ಹೋಗುವವರು. ಕೆಲವರು ನೆಲ ಒರೆಸುತ್ತಾರೆ, ಕೆಲವರು ರೋಗಿಗಳ ಹೇಲುಚ್ಚೆ ಬಳಿಯುತ್ತಾರೆ. ಜಿಂಕೆ, ದೊಡ್ಡಕ್ಕ, ನಾನು ಬಟ್ಟೆ ಒಗೆಯುವ ಕೋಣೆಯವರು. ರಕ್ತದ ಚಾದರಗಳನ್ನು ತಣ್ಣೀರಿಗೆ ಹಾಕಿ ಉಜ್ಜುವುದು ಜಿಂಕೆಯ ಕೆಲಸ. ಯಂತ್ರಕ್ಕೆ ತುಂಬುವುದು ದೊಡ್ಡಕ್ಕನ ಕೆಲಸ. ನನ್ನದು ಇಸ್ತ್ರಿ. ರಕ್ತಕ್ಕೆ ಬಿಸಿನೀರು ತಾಗಿದರೆ ಕಲೆ ಜನ್ಮದಲ್ಲಿ ಹೋಗುವುದಿಲ್ಲ ಎಂದು ಜಿಂಕೆ ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದಳು.

ಮೊದಲು ಆಸ್ಪತ್ರೆಗೆ ಹೋಗುವ ಬಸ್ಸು ರೈಲ್ವೆ ಸ್ಟೇಷನ್ನಿನ ಬಾಗಿಲಿಗೇ ಬರುತ್ತಿತ್ತು. ತಡವಾಗಿ ಬರುತ್ತಿತ್ತು, ಹೊಗೆ ಕಾರುತ್ತಿತ್ತು, ಆದರೂ ಬರುತ್ತಿತ್ತು. ಆಮೇಲೆ ಮೇಲಿನವರಿಗೆ ನಮ್ಮ ಮೇಲೆ ಕನಿಕರ ಹುಟ್ಟಿತು. ಕನಿಕರ ಹುಟ್ಟಿದಾಗೆಲ್ಲ ನಮಗೆ ಕೇಡೇ. ರೈಲಿಗೂ ಬಸ್ಸಿಗೂ ಜೋಡಣೆ ಮಾಡುತ್ತೇವೆ, ಇಳಿದ ತಕ್ಷಣ ಹತ್ತಬಹುದು ಎಂದರು. ಹಳಿಗಳ ಆಚೆ ಕಡೆ ಹೊಸ ಬಸ್ ಸ್ಟ್ಯಾಂಡ್ ಕಟ್ಟಿದರು. ಹಳಿ ದಾಟಲು ಇದ್ದ ಹಳೆಯ ಮೇಲ್ಸೇತುವೆಯನ್ನು ಕೆಡವಿದರು. ಅದರ ಬದಲಿಗೆ ಹಳಿಯ ಕೆಳಗೆ ಒಂದು ದಾರಿ ತೋಡಿದರು. ನಾವು ಅದನ್ನು ಸುರಂಗ ಅನ್ನುತ್ತೇವೆ. ಸುರಂಗ ಮುಗಿಯಿತು, ಒಳಗೆ ದೀಪ ಹಾಕಿದರು, ಬಾಗಿಲಿಗೆ ಬೀಗವನ್ನೂ ಹಾಕಿದರು. ಉದ್ಘಾಟನೆಗೆ ದೊಡ್ಡವರು ಬರಬೇಕು, ಅವರಿಗೆ ಪುರುಸೊತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು.

ಪ್ಲಾಟ್‌ಫಾರಂ ತುಂಬ ಒಂದೇ ಚಿತ್ರ ಅಂಟಿಸಿದ್ದರು. ಅದರಲ್ಲಿ ಒಬ್ಬ ಹೆಂಗಸು ನಗುತ್ತ, ಒಂದು ಕಾಲು ರೈಲಿನಲ್ಲಿ ಇನ್ನೊಂದು ಕಾಲು ಬಸ್ಸಿನಲ್ಲಿ ಇಟ್ಟುಕೊಂಡು ನಿಂತಿದ್ದಾಳೆ.

ದೊಡ್ಡಕ್ಕ ಅದನ್ನು ನೋಡಿ, "ಇಷ್ಟುದ್ದ ಕಾಲು ನಮ್ಮ ಜಿಂಕೆಗೂ ಇಲ್ವಲ್ಲೇ" ಅಂದಳು. ಅವತ್ತು ನಾವೆಲ್ಲ ನಕ್ಕಿದ್ದೆವು.

ರಸ್ತೆಯ ಮೇಲೆ ಸುತ್ತಿ ಹೋಗಬಹುದಿತ್ತು. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು, ಆಸ್ಪತ್ರೆಯಲ್ಲಿ ಮೇಸ್ತ್ರಿ ಗೇಟು ಮುಚ್ಚಿ ಅರ್ಧ ದಿನದ ಕೂಲಿ ಮುರಿದಿರುತ್ತಿದ್ದ. ಹೀಗಾಗಿ ಜಿಂಕೆ ಒಂದು ಪದ್ಧತಿ ಶುರುಮಾಡಿದಳು. ರೈಲು ನಿಧಾನವಾಗುತ್ತಿದ್ದ ಹಾಗೆ ನಾವು ಅವಳಿಗೆ ಬಾಗಿಲ ಹತ್ತಿರ ಜಾಗ ಬಿಡುತ್ತಿದ್ದೆವು. ಅವಳು ಎಲ್ಲರಿಗಿಂತ ಮೊದಲು ಇಳಿದು, ಹಳಿಗೆ ಹಾರಿ, ಆಚೆ ದಾಟಿ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಲ್ಲುತ್ತಿದ್ದಳು. ಮೆಟ್ಟಿಲ ಮೇಲೆ ಕಾಲಿದ್ದರೆ ಆ ಹೊಸ ಬಸ್ಸುಗಳ ಬಾಗಿಲು ಮುಚ್ಚುವುದಿಲ್ಲ.

"ಕಾಲು ತೆಗಿಯಮ್ಮ, ನನಗೆ ಹೊತ್ತಾಯ್ತು" ಅನ್ನುತ್ತಿದ್ದ ಡ್ರೈವರ್.

"ನಮ್ಮವರು ಬರ್ಲಿ ಅಣ್ಣ, ತೆಗಿತೀನಿ" ಅನ್ನುತ್ತಿದ್ದಳು ಇವಳು.

ಅಷ್ಟರಲ್ಲಿ ಮೊಣಕಾಲು ನೋವಿನವರು, ಬಸುರಿಯರು, ಮುದುಕಿಯರು ಎಡವುತ್ತ ಹಳಿ ದಾಟಿ ಬರುತ್ತಿದ್ದೆವು. ಒಬ್ಬಳ ಕಾಲಿನ ಮೇಲೆ ಇಷ್ಟೂ ಜನರ ಕೂಲಿ ನಿಂತಿತ್ತು. ಮೇಲಿನವರು ಜೋಡಣೆ ಚೆನ್ನಾಗಿ ನಡೆಯುತ್ತಿದೆ, ಒಂದು ದೂರೂ ಬಂದಿಲ್ಲ ಎಂದು ಹೇಳಿಕೊಂಡರು. ಜೋಡಣೆ ಮಾಡಿದ್ದು ಜಿಂಕೆ.

ಅವಳು ಸತ್ತ ದಿನ ಮಂಜಿರಲಿಲ್ಲ, ಕತ್ತಲಿರಲಿಲ್ಲ, ಒಳ್ಳೆಯ ಬಿಸಿಲಿತ್ತು. ಒಂದು ಗೂಡ್ಸ್ ಗಾಡಿ ಹೋಗುವ ತನಕ ಕಾದಳು. ಅದು ಹೋದ ಮೇಲೆ ಹಳಿಗೆ ಇಳಿದಳು. ಆಚೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಓಟ ಜೋರು ಮಾಡಿದಳು. ಇನ್ನೊಂದು ಹಳಿಯ ಮೇಲೆ ನಿಲ್ಲದೆ ಹೋಗುವ ರೈಲು ಬಂತು.

ಆಮೇಲೆ ಆಗಿದ್ದನ್ನು ನಾನು ಬರೆಯುವುದಿಲ್ಲ. ಅವಳ ಮೇಲೆ ಹೊದಿಸಲು ತಂದ ಚಾದರ ನಮ್ಮ ಆಸ್ಪತ್ರೆಯದೇ. ಮಾರನೆಯ ದಿನ ಅದು ಒಗೆಯುವ ಕೋಣೆಗೆ ಬಂತು. ದೊಡ್ಡಕ್ಕ ಅದನ್ನು ಯಾರಿಗೂ ಮುಟ್ಟಗೊಡದೆ ತಣ್ಣೀರಿನಲ್ಲಿ ತಾನೇ ಉಜ್ಜಿದಳು.

ರೈಲಿನವರು ಹೇಳಿದರು: ಹಳಿ ದಾಟಿದ್ದು ಅಪರಾಧ, ನಾವು ಏನೂ ಕೊಡುವ ಹಾಗಿಲ್ಲ. ಬಸ್ಸಿನವರು ಹೇಳಿದರು: ಅವಳಿನ್ನೂ ನಮ್ಮ ಬಸ್ಸು ಹತ್ತಿರಲಿಲ್ಲವಲ್ಲ. ಗುತ್ತಿಗೆದಾರ ಹೇಳಿದ: ಗೇಟಿನ ಒಳಗೆ ಬಂದ ಮೇಲೆ ಸತ್ತಿದ್ದರೆ ನೋಡಬಹುದಿತ್ತು. ರೈಲಿನಲ್ಲಿ ಸತ್ತರೆ ರೈಲಿನವರು, ಬಸ್ಸಿನಲ್ಲಿ ಸತ್ತರೆ ಬಸ್ಸಿನವರು. ನಡುವೆ ಸತ್ತವಳಿಗೆ ಯಾರೂ ಇಲ್ಲ. ನಮ್ಮಂಥವರ ಬದುಕೆಲ್ಲ ನಡುವಿನಲ್ಲೇ ಇರುತ್ತದೆ, ಇದನ್ನು ಯಾರಿಗೆ ಹೇಳುವುದು?

ಹದಿನೈದು ದಿನ ಕಳೆದಿರಬೇಕು. ಆ ಬಸ್ಸಿನ ಡ್ರೈವರ್ ತಾನೇ ಕೆಳಗಿಳಿದು ನಮ್ಮ ಹತ್ತಿರ ಬಂದ. ಗಡ್ಡ ಬೆಳೆದಿತ್ತು.

"ಅಕ್ಕ, ನಿಮಗೊಂದು ಮಾತು ಹೇಳ್ಬೇಕು. ಅವತ್ತು ಹಾರ್ನ್ ಹೊಡೆದಿದ್ದು ನಾನು ಹೊರಡೋಕಲ್ಲ. ಆ ಕಡೆಯಿಂದ ರೈಲು ಬರೋದು ನನಗೆ ಕಾಣಿಸ್ತು. ನಿಲ್ಲು ಅಂತ ಹೊಡೆದೆ."

ಅವನು ಹಳಿಯ ಕಡೆ ತಿರುಗಿ ನೋಡಿದ.

"ಅವಳು ಬಸ್ಸು ಹೊರಡ್ತು ಅಂದ್ಕೊಂಡ್ಲು ಅಕ್ಕ. ಅದಕ್ಕೇ ಓಡಿದ್ಲು."

ದೊಡ್ಡಕ್ಕ ಅವನ ತೋಳು ಹಿಡಿದು, "ನೀನೇನು ಮಾಡ್ತೀಯಪ್ಪ. ನಮಗೆ ಹಾರ್ನ್ ಅಂದ್ರೆ ಓಡೋದು ಅಂತಷ್ಟೇ ಗೊತ್ತು" ಅಂದಳು.

ಅದು ನಿಜ. ಇವತ್ತಿಗೂ ಇಸ್ತ್ರಿ ಮೇಜಿನ ಮುಂದೆ ನಿಂತಾಗ ಹೊರಗೆ ಎಲ್ಲಾದರೂ ಹಾರ್ನ್ ಆದರೆ ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೋಣೆಯಲ್ಲಿ ಎಲ್ಲರ ಕಾಲೂ ಹಾಗೇ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದಿಲ್ಲ.

ಆ ಡ್ರೈವರ್ ಆಮೇಲೆ ಹಾರ್ನ್ ಮುಟ್ಟಲಿಲ್ಲ. ನಾವು ರಸ್ತೆ ಸುತ್ತಿ ಬರುವ ತನಕ ಬಸ್ಸು ನಿಲ್ಲಿಸಿಕೊಂಡು ಕೂತಿರುತ್ತಿದ್ದ. ಬಾಗಿಲು ಮುಚ್ಚಲು ಹೋದರೆ ಮೆಟ್ಟಿಲ ಮೇಲೆ ಕಾಲಿದ್ದ ಹಾಗೆ ಅನ್ನಿಸುತ್ತದೆ, ಕೈ ಬರುವುದಿಲ್ಲ ಅನ್ನುತ್ತಿದ್ದ. ಆದರೆ ಬಸ್ಸಿನಲ್ಲಿರುವ ಯಂತ್ರ ತಡವಾದದ್ದನ್ನೆಲ್ಲ ಆಫೀಸಿಗೆ ಚಾಡಿ ಹೇಳುತ್ತದಂತೆ. ಅವನನ್ನು ಬೇರೆ ಊರಿಗೆ ಎತ್ತಿ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೊಸ ಡ್ರೈವರ್ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚಿಕೊಂಡು ಹೋದ. ನಮ್ಮ ಕೂಲಿ ಮತ್ತೆ ಅರ್ಧವಾಯಿತು.

ರೈಲಿನಲ್ಲಿ ಮಾತು ಕಡಿಮೆಯಾಯಿತು. ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಒಂದೇ. ಯಾರಾದರೂ ಓಡಬೇಕು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಬಾಗಿಲ ಬಳಿಯ ಜಾಗ ಖಾಲಿ ಇತ್ತು, ಯಾರೂ ಅತ್ತ ತಿರುಗುತ್ತಿರಲಿಲ್ಲ.

ಆಗಲೇ ಜಿಂಕೆಯ ಮಗಳು ಕೆಲಸಕ್ಕೆ ಬಂದಳು. ಗುತ್ತಿಗೆದಾರ ದೊಡ್ಡ ಮನಸ್ಸು ಮಾಡಿ ಅಮ್ಮನ ಜಾಗ ಮಗಳಿಗೆ ಕೊಟ್ಟಿದ್ದ. ಕಾಲೇಜು ಬಿಡಿಸಿದ್ದನ್ನು ದೊಡ್ಡ ಮನಸ್ಸು ಅನ್ನುವುದಾದರೆ ಹಾಗೇ ಅನ್ನೋಣ. ಅವಳ ಮನೆ ನನ್ನ ಮನೆಯ ಪಕ್ಕದ್ದೇ. ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ. ಅವಳ ಕಾಲೂ ಉದ್ದ.

ಮೊದಲ ದಿನ ನನ್ನ ಪಕ್ಕದಲ್ಲೇ ನಿಂತು ಬಂದಳು. ರೈಲು ನಿಧಾನವಾಯಿತು. ಆಗ ಒಂದು ಸಂಗತಿ ನಡೆಯಿತು, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಡೀ ಬೋಗಿಯ ಹೆಂಗಸರು ಎರಡೂ ಕಡೆಗೆ ಒತ್ತಿಕೊಂಡು ಅವಳಿಗೆ ದಾರಿ ಬಿಟ್ಟರು. ಬೇಕೆಂದು ಬಿಟ್ಟದ್ದಲ್ಲ, ಮೈಗೆ ಅಂಟಿದ ರೂಢಿ. ಹುಡುಗಿ ಏನೂ ಅರಿಯದೆ ಆ ದಾರಿಯಲ್ಲಿ ನಡೆದು, ಅಮ್ಮ ನಿಲ್ಲುತ್ತಿದ್ದಲ್ಲೇ ಕಂಬಿ ಹಿಡಿದು ನಿಂತಳು. ಹಿಂದಿನಿಂದ ನೋಡಿದರೆ ಜಿಂಕೆಯೇ.

ನನಗೆ ಕೂಗಬೇಕೆನಿಸಿತು. ಕೂಗಲಿಲ್ಲ. ಅವತ್ತು ರಸ್ತೆ ಸುತ್ತಿಯೇ ಹೋದೆವು, ತಡವಾಯಿತು.

ಮೇಸ್ತ್ರಿ ಗೇಟಿನಲ್ಲಿ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮಮ್ಮ ಇದ್ದಾಗ ಒಬ್ಬರೂ ತಡವಾಗಿ ಬರ್ತಿರ್ಲಿಲ್ಲಮ್ಮ. ಪಾಪ, ಚುರುಕು ಹೆಂಗಸು" ಅಂದ.

ಸಂಜೆ ಅವಳು ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕೂತಳು.

"ದೊಡ್ಡಮ್ಮ, ನಾಳೆಯಿಂದ ನಾನು ಓಡ್ತೀನಿ."

"ಬಾಯಿ ಮುಚ್ಚು."

"ನನಗೆ ಓಡೋಕಾಗುತ್ತೆ. ಎಲ್ಲರೂ ನನ್ನ ಮುಖಾನೇ ನೋಡ್ತಾರೆ. ನಿಮಗೆ ಗೊತ್ತಾಗಲ್ವಾ?"

"ನೋಡಿದ್ರೆ ನೋಡ್ಲಿ. ಕಣ್ಣಿದೆ, ನೋಡ್ತಾರೆ."

"ನೀವೂ ನೋಡಿದ್ರಿ ದೊಡ್ಡಮ್ಮ."

ಅವಳು ಎದ್ದು ಹೋದಳು. ಒಲೆಯ ಮೇಲಿಟ್ಟಿದ್ದು ಸೀದ ವಾಸನೆ ಬಂದ ಮೇಲೆ ನನಗೆ ಎಚ್ಚರವಾಯಿತು.

ಮರುದಿನ ರೈಲು ನಿಧಾನವಾದಾಗ ಅವಳು ಬಾಗಿಲ ಹತ್ತಿರವೇ ಇದ್ದಳು. ನಾನು ಜನರನ್ನು ನೂಕಿಕೊಂಡು ಅವಳ ಹಿಂದೆ ಹೋದೆ. ಯಾರೋ ಬೈದರು. ರೈಲು ನಿಲ್ಲುವ ಮೊದಲೇ ಅವಳು ಪ್ಲಾಟ್‌ಫಾರಂಗೆ ಹಾರಿ, ಕೊನೆಯ ತನಕ ಓಡಿ, ಹಳಿಗೆ ಇಳಿಯಲು ಬಗ್ಗಿದಳು. ಆಚೆಯಿಂದ ಬಸ್ಸಿನ ಹಾರ್ನ್ ಆಯಿತು. ಅವಳ ಮೈ ಸೆಟೆಯಿತು. ಹಿಂದೆಯೇ ಓಡಿ ಬಂದಿದ್ದ ನಾನು ರಟ್ಟೆ ಹಿಡಿದು ಎಳೆದೆ. ಇಬ್ಬರೂ ಕಲ್ಲಿನ ಮೇಲೆ ಬಿದ್ದೆವು.

"ಬಿಡಿ ದೊಡ್ಡಮ್ಮ. ರೈಲೇ ಇಲ್ಲ, ನೋಡಿ. ಖಾಲಿ ಇದೆ."

ಖಾಲಿಯೇ ಇತ್ತು. ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಹಳಿ ಬಿಸಿಲಿಗೆ ಹೊಳೆಯುತ್ತಿತ್ತು. ಅವಳ ಅಮ್ಮನಿಗೂ ಹೀಗೆಯೇ ಕಂಡಿರಬೇಕು.

"ಹೋದ್ರೆ ಹೋಗ್ಲಿ ಬಸ್ಸು" ಅಂದೆ. "ಇವತ್ತಿನ ಕೂಲಿ ಪೂರ್ತಿ ಹೋಗ್ಲಿ. ನೀನು ಇಳಿಯಕೂಡದು."

"ನಮ್ಮಿಂದ ಎಲ್ಲರಿಗೂ ನಷ್ಟ ಆಗುತ್ತೆ."

ಅಷ್ಟರಲ್ಲಿ ಉಳಿದವರು ಬಂದು ಸುತ್ತ ನಿಂತಿದ್ದರು. ಯಾರೂ ರಸ್ತೆಯ ಕಡೆ ಹೊರಡಲಿಲ್ಲ. ದೊಡ್ಡಕ್ಕ ಹುಡುಗಿಯ ಮುಂದೆ ಕಷ್ಟಪಟ್ಟು ಕುಕ್ಕರಗಾಲಿನಲ್ಲಿ ಕೂತಳು.

"ತಾಯಿ, ನಿನ್ನೆ ದಾರಿ ಬಿಟ್ಟವರಲ್ಲಿ ನಾನೂ ಒಬ್ಬಳು" ಅಂದಳು. "ರಾತ್ರಿಯೆಲ್ಲ ಕಣ್ಣು ಮುಚ್ಚೋಕಾಗಲಿಲ್ಲ. ನಿಮ್ಮಮ್ಮ ಬಂದು ಏನಾದ್ರೂ ಅಂದಿದ್ರೆ ಸಮಾಧಾನ ಆಗ್ತಿತ್ತು. ಕಣ್ಮುಂದೆ ಸುಮ್ಮನೆ ನಿಂತಿದ್ಲು. ಸಾಕು ಇನ್ನು. ಯಾರೂ ಓಡೋದು ಬೇಡ."

"ಮತ್ತೆ ಹೇಗೆ ಹೋಗೋದು?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು.

ದೊಡ್ಡಕ್ಕ ಏಳುವಾಗ ಅವಳ ಕೈಯಲ್ಲಿ ಹಳಿಯ ಬದಿಯ ಒಂದು ಜಲ್ಲಿ ಕಲ್ಲಿತ್ತು. "ದಾರಿ ಇದೆಯಲ್ಲ" ಅಂದಳು.

ಸುರಂಗದ ಬಾಗಿಲಿನ ಮುಂದೆ ಒಬ್ಬ ಮುದುಕ ಕಾವಲುಗಾರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಯಾರೂ ಬಳಸದ ದಾರಿಗೆ ಅವನೊಬ್ಬ ಕಾವಲು. ನಮ್ಮನ್ನೂ ನಮ್ಮ ಕೈಯಲ್ಲಿದ್ದ ಕಲ್ಲುಗಳನ್ನೂ ನೋಡಿದ.

"ಬೀಗದ ಕೈ ನನ್ನ ಹತ್ರ ಇಲ್ಲಮ್ಮ. ಉದ್ಘಾಟನೆ ಆಗದೆ ತೆಗೆಯೋ ಹಾಗಿಲ್ಲ."

"ಕೈ ಕೇಳ್ತಿಲ್ಲ ಯಜಮಾನ್ರೇ" ಅಂದಳು ದೊಡ್ಡಕ್ಕ. "ಸ್ವಲ್ಪ ಪಕ್ಕಕ್ಕೆ ಬನ್ನಿ."

"ನನ್ನ ಕೆಲಸ ಹೋಗುತ್ತೆ."

"ನೀವು ಒಬ್ಬರು, ನಾವು ಇಷ್ಟು ಜನ. ತಡೆಯೋಕಾಗಲಿಲ್ಲ ಅಂತ ಹೇಳಿ."

ಅವನು ಸ್ವಲ್ಪ ಹೊತ್ತು ನಮ್ಮ ಹುಡುಗಿಯ ಮುಖವನ್ನೇ ನೋಡಿದ. ಅವಳ ಅಮ್ಮನನ್ನು ದಿನಾ ನೋಡಿದವನೇ ಇರಬೇಕು. ಆಮೇಲೆ ಎದ್ದು, ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡು, ನಮಗೆ ಬೆನ್ನು ಹಾಕಿ ಕೂತ.

ಬೀಗ ಒಳ್ಳೆಯ ಬೀಗವೇ. ಒಬ್ಬಳ ಕೈ ಸೋತರೆ ಇನ್ನೊಬ್ಬಳು ಹೊಡೆದಳು. ಚಾದರ ಉಜ್ಜಿ, ನೆಲ ಒರೆಸಿ ಗಟ್ಟಿಯಾದ ಕೈಗಳು ನಮ್ಮವು. ಬಸುರಿ ಒಬ್ಬಳು ತಾನೂ ಒಂದು ಏಟು ಹಾಕುತ್ತೇನೆ ಎಂದು ಹಟ ಹಿಡಿದಳು. ಕೊನೆಗೆ ಬೀಗ ಹಾಗೇ ಉಳಿಯಿತು, ಅದು ಕೂತಿದ್ದ ಕೊಂಡಿ ಕಿತ್ತು ಬಂತು.

ಒಳಗೆ ತಂಪಾಗಿತ್ತು. ನೆಲಕ್ಕೆ ಬಿಳಿಯ ಕಲ್ಲು. ದೀಪಗಳು ಹಗಲು ರಾತ್ರಿ ಯಾರಿಗಾಗಿಯೋ ಉರಿಯುತ್ತಿದ್ದವು. ಗೋಡೆಯ ಮೇಲೆ, ಉದ್ಘಾಟನೆಗೆ ಬರಬೇಕಾಗಿದ್ದ ದೊಡ್ಡವರ ಹೆಸರಿನ ಕಲ್ಲು, ಅದಕ್ಕೆ ಒಂದು ರೇಷ್ಮೆಯ ಪರದೆ. ಪರದೆಗೆ ಇಸ್ತ್ರಿ ಕೂಡ ಮಾಡಿರಲಿಲ್ಲ. ಯಾರೂ ಅದನ್ನು ಮುಟ್ಟಲಿಲ್ಲ. ನಮ್ಮ ತಲೆಯ ಮೇಲೆ ರೈಲೊಂದು ಗಡಗಡ ಎಂದು ಹೋಯಿತು. ಎಲ್ಲರೂ ನಿಂತೆವು. ಅದು ಪೂರ್ತಿ ಹೋಗುವ ತನಕ ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಮತ್ತೆ ನಡೆದೆವು. ಹುಡುಗಿ ನನ್ನ ಕೈ ಹಿಡಿದುಕೊಂಡಿದ್ದಳು.

ಆ ಕಡೆಯ ಬಾಗಿಲು ಒಳಗಿನಿಂದ ಬರೀ ಅಗಳಿ ಹಾಕಿದ್ದು, ಅದನ್ನು ಸರಿಸಿ ನೂಕಿದರೆ ತೆರೆಯಿತು. ಹೊರಗೆ ಬಿಸಿಲು, ಬಸ್ ಸ್ಟ್ಯಾಂಡು. ಮುಂದಿನ ಬಸ್ಸು ಆಗಷ್ಟೇ ಬಂದು ನಿಂತಿತ್ತು, ಬಾಗಿಲು ತೆರೆದೇ ಇತ್ತು. ನಾವೆಲ್ಲ ಹತ್ತಬಹುದಿತ್ತು.

ಹುಡುಗಿ ಹತ್ತಲಿಲ್ಲ. ಹಿಂತಿರುಗಿ ಸುರಂಗದ ಒಳಗೆ ನೋಡಿದಳು. ನಾವು ಬಂದ ಆಚೆ ಬಾಗಿಲು ಅಲ್ಲಿಂದ ಕಾಣುತ್ತಿತ್ತು. ಅದರ ಪಕ್ಕ ಬೆನ್ನು ಹಾಕಿ ಕೂತ ಮುದುಕನೂ ಕಾಣುತ್ತಿದ್ದ.

"ಇಷ್ಟೇನಾ ದೊಡ್ಡಮ್ಮ?" ಎಂದು ಕೇಳಿದಳು.

ನಾನು ಹೂಂ ಅನ್ನಬೇಕಿತ್ತು.

"ಇಷ್ಟೇ ದೂರನಾ?"

ದೊಡ್ಡಕ್ಕ ಅಲ್ಲೇ ಸುರಂಗದ ಬಾಗಿಲ ಮೆಟ್ಟಿಲ ಮೇಲೆ ಕೂತು ಎದೆ ಎದೆ ಬಡಿದುಕೊಂಡು ಅತ್ತಳು. ಜಿಂಕೆ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು. ಒಬ್ಬೊಬ್ಬರಾಗಿ ನಾವೂ ಅವಳ ಸುತ್ತ ಕೂತೆವು. ಡ್ರೈವರ್ ಹಾರ್ನ್ ಹೊಡೆದ. ಯಾರ ಕಾಲೂ ಅಲುಗಲಿಲ್ಲ. ಅವನು ಇನ್ನೊಮ್ಮೆ ಹೊಡೆದ.