ಅರಸ, ಕವಿ ಮತ್ತು ದೀಪ್ತಿಯ ಸಿಲೆಬಸ್

ಕಾಲೇಜಿನ ಪಠ್ಯಕ್ರಮ ಸಮಿತಿಯಲ್ಲಿ ಇದ್ದವರು ಇಬ್ಬರೇ, ಆದರೆ ಇಬ್ಬರೂ ಹೆಸರಾಂತ ತಾಳಮದ್ದಳೆ ಅರ್ಥಧಾರಿಗಳು. ವೇಷವಿಲ್ಲದೆ, ಕೂತಲ್ಲೇ ಪಾತ್ರವಾಗಿ ಬೆಳಗಿನವರೆಗೆ ವಾದಿಸಬಲ್ಲವರು. ಇಂಥವರಿಂದ ಒಮ್ಮತ ಬಯಸುವುದೆಂದರೆ ಕೋಳಿಅಂಕದ ಕಾದಾಟದ ಹುಂಜಗಳೆರಡನ್ನು ಒಂದೇ ಬುಟ್ಟಿಯಲ್ಲಿಟ್ಟು ಸುಮ್ಮನಿರಿ ಎಂದಂತೆ.

ಸುಳ್ಯದ ಆ ಕಾಲೇಜಿನ ಅತಿಥಿ ಉಪನ್ಯಾಸಕಿ ದೀಪ್ತಿಗೆ ಬೇರೆ ದಾರಿಯಿರಲಿಲ್ಲ. ಕನ್ನಡ ಸಾಹಿತ್ಯ ಚರಿತ್ರೆಯನ್ನು ರಾಜಕೀಯದ ಕಡೆಯಿಂದ ನೋಡುವ ಹೊಸ ಪಠ್ಯವನ್ನು ಅವಳೇ ರೂಪಿಸಿದ್ದಳು. ಯಾವ ಕವಿ ಯಾವ ಅರಸನ ಅನ್ನ ಉಂಡು ಏನು ಬರೆದ, ಯಾರು ಉಣ್ಣದೆ ಏನು ಬರೆದರು ಎಂಬುದೇ ಅದರ ಹೂರಣ. ಇಬ್ಬರೂ ಒಪ್ಪಿದರೆ ಮುಂದಿನ ವರ್ಷ ಅವಳಿಗೆ ತರಗತಿಗಳು ಸಿಗುತ್ತಿದ್ದವು. ಇಲ್ಲವಾದರೆ ಗಂಟುಮೂಟೆ ಕಟ್ಟಿ ಇಚಿಲಂಪಾಡಿಯ ಮನೆಗೆ. ಈ ಸಂಗತಿಯನ್ನು ಮಾತ್ರ ಅವಳು ಬಾಯಿಬಿಟ್ಟಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಹಾಗೆ.

“ಸಾಹಿತ್ಯ ಅಂದ್ರೆ ರಸ. ಅದಕ್ಕೆ ರಾಜಕೀಯ ಎಂತಕ್ಕೆ?” ಎಂದರು ಪಂಜದ ನಿವೃತ್ತ ಪ್ರಾಧ್ಯಾಪಕ ಪದ್ಮಯ್ಯ.

“ರಾಜಕೀಯ ಇಲ್ಲದ ಸಾಹಿತ್ಯ ಎಲ್ಲಿ ಉಂಟು ಮಾರಾಯ್ರೆ?” ಎಂದರು ಕಬಕದ ಜಯಪ್ರಕಾಶ್.

ಮಧ್ಯಾಹ್ನದವರೆಗೂ ಇದೇ ನಡೆಯಿತು. ಕೊನೆಗೆ ದೀಪ್ತಿಗೆ ಒಂದು ಉಪಾಯ ಹೊಳೆಯಿತು. ಪದ್ಮಯ್ಯನವರು ತಾವು ಹಿಡಿದ ಪಾತ್ರವನ್ನು ಸೋಲಲು ಬಿಟ್ಟವರೇ ಅಲ್ಲ.

“ಸರ್, ನೀವು ಆಸ್ಥಾನ ಕವಿ ಆಗಿ. ಪ್ರಜೆಗಳ ಕಷ್ಟ ಬರಿತೇನೆ ಅಂತ ಹಟ. ಜಯಪ್ರಕಾಶ್ ಸರ್ ಅರಸ. ಶೃಂಗಾರ ಸಾಕು ಅಂತ ಅವರ ವಾದ. ಸ್ವಲ್ಪ ಮಾತಾಡಿ ನೋಡುವ.”

ಪದ್ಮಯ್ಯ ಶಾಲು ಸರಿಪಡಿಸಿಕೊಂಡರು. “ಪ್ರಭೂ, ಬಿತ್ತಿದವನ ಹಸಿವು ಕಾಣದ ಕಣ್ಣಿಗೆ ಚಂದ್ರ ಕಂಡರೆಷ್ಟು, ಬಿಟ್ಟರೆಷ್ಟು?”

“ಕವಿಯೇ, ಕಷ್ಟ ಪ್ರಜೆಯ ಮನೆಯಲ್ಲೇ ಇದೆ,” ಎಂದು ಜಯಪ್ರಕಾಶ್ ಮೇಜು ಗುದ್ದಿದರು. “ಅದನ್ನು ಮರೆಯಲಿಕ್ಕಲ್ಲವೇ ಅವನು ಕಾವ್ಯ ಕೇಳುವುದು?”

ಪಕ್ಕದ ತರಗತಿ ಖಾಲಿಯಾಗಿ ಮಕ್ಕಳೆಲ್ಲ ಕಿಟಕಿಗೆ ಜೋತುಬಿದ್ದರು. ಪಾಠ ಮಾಡುತ್ತಿದ್ದವರೂ ಅವರ ಹಿಂದೆಯೇ ನಿಂತಿದ್ದರು. ಚಹಾದ ಜೊತೆ ತಂದಿಟ್ಟ ಬಿಸಿ ಗೋಳಿಬಜೆ ತಣ್ಣಗಾದರೂ ವಾದ ತಣ್ಣಗಾಗಲಿಲ್ಲ.

ಸಂಜೆ ಪದ್ಮಯ್ಯ ಬೆವರೊರೆಸಿಕೊಂಡರು. “ನಾನು ಹೇಳಿದ್ದು ನನಗೇ ಸರಿ ಕಂಡಿತು ಮಾರಾಯ್ರೆ. ರಾಜಕೀಯ ಬೇಕು.”

ದೀಪ್ತಿ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಜಯಪ್ರಕಾಶ್ ಗಂಟಲು ಸರಿಮಾಡಿಕೊಂಡರು.

“ನನಗೂ ನನ್ನದೇ ಸರಿ ಕಾಣ್ತದೆ. ರಾಜಕೀಯ ಬೇಡ.”

ಅಲ್ಲಿಗೆ ಎತ್ತು ಏರಿಗೆ, ಕೋಣ ನೀರಿಗೆ. ದೀಪ್ತಿ ತಲೆಯ ಮೇಲೆ ಕೈಹೊತ್ತು ಕೂತಳು.

“ಪಾತ್ರ ಬದಲಾಯಿಸಿ ಇನ್ನೊಮ್ಮೆ ಮಾಡುವನಾ?” ಪದ್ಮಯ್ಯನವರ ಮುಖ ಅರಳಿತ್ತು.

“ಬೇಡ ಸರ್,” ಎಂದಳು ದೀಪ್ತಿ. “ನನಗೆ ನಿಮ್ಮ ಹಾಗೆ ಅರ್ಥ ಹೇಳ್ಲಿಕ್ಕೆ ಬರುದಿಲ್ಲ. ಈ ಸಿಲೆಬಸ್ ಆಗದಿದ್ರೆ ನನಗೆ ಕೆಲಸ ಇಲ್ಲ. ಇಷ್ಟೇ ನಂದು.” ಹೇಳಿದ ಮರುಕ್ಷಣವೇ ಅವಳಿಗೆ ನಾಚಿಕೆಯಾಯಿತು, ಕಣ್ಣು ತುಂಬಿತು.

ಬೆಳಗಿನಿಂದ ಮೊದಲ ಬಾರಿಗೆ ಇಬ್ಬರೂ ಒಟ್ಟಿಗೆ ಕಾಗದದತ್ತ ಕೈ ಚಾಚಿದರು. ಜಯಪ್ರಕಾಶ್ ಪೆನ್ನು ತೆಗೆದು ಸಹಿ ಹಾಕಿದರು.

“ಇದನ್ನು ಬೆಳಿಗ್ಗೆಯೇ ಹೇಳುದಲ್ವಾ ಮಾರಾಯ್ತಿ?”

“ಆದ್ರೆ ಸರ್, ನನ್ನ ಹೊಟ್ಟೆಪಾಡು ಸಾಹಿತ್ಯ ಚರಿತ್ರೆಯ ಪಾಠ ಒಪ್ಪಲಿಕ್ಕೆ ಕಾರಣ ಆಗ್ತದಾ?”

ಪದ್ಮಯ್ಯ ತಮ್ಮ ಸಹಿಯನ್ನೂ ಹಾಕಿ ಕಾಗದವನ್ನು ಅವಳತ್ತ ಸರಿಸಿದರು.

“ಅರಸನ ಎದುರು ನಿಂತ ಕವಿಗಳು ಹೇಳಿದ್ದೂ ಇಷ್ಟೇ ಇರ್ಬೇಕು ಮಗಳೇ. ಉಳಿದದ್ದೆಲ್ಲ ಅಲಂಕಾರ. ನೀನು ಮೊದಲ ಪಾಠ ಅಲ್ಲಿಂದಲೇ ಸುರು ಮಾಡು,” ಎಂದರು.